ಪ್ರೂಫ್ ಸ್ಟ್ಯಾಂಪ್ ಕೈಕೊಟ್ಟರೆ: ಟ್ಯಾಬ್ಲೆಟ್‌ನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಒಂದು ಪುಸ್ತಕದ ಎರಡನೇ ಪ್ರೂಫ್, ಅಂದರೆ ಅಚ್ಚಿಗೆ ಹೋಗುವ ಮೊದಲು ತಿದ್ದಲು ಬರುವ ಪುಟಗಳು, ಪಿಡಿಎಫ್ ಫೈಲಾಗಿ ಬಂದಿತ್ತು. ಟ್ಯಾಬ್ಲೆಟ್‌ನಲ್ಲೇ ಪೂರ್ತಿ ತಿದ್ದಿದ್ದೆ. ‘ತೆಗೆಯಿರಿ’, ‘ಅದಲುಬದಲು ಮಾಡಿ’, ‘ಇದ್ದಂತೆ ಇರಲಿ’, ‘ಹೊಸ ಪ್ಯಾರಾ’ ಅಂತ ನಾನೇ ಮಾಡಿಕೊಂಡ ಸ್ಟ್ಯಾಂಪ್‌ಗಳಿದ್ದವು. ಸ್ಟ್ಯಾಂಪ್ ಅಂದರೆ ಒಮ್ಮೆ ಮಾಡಿಟ್ಟುಕೊಂಡು, ಬೇಕಾದಲ್ಲೆಲ್ಲ ಪುಟದ ಮೇಲೆ ಒತ್ತುವ ಗುರುತಿನ ಚಿತ್ರ. ಅಂಚಿನ ತುಂಬ ಕೆಂಪು ಗುರುತು ಒತ್ತಿ ಫೈಲ್ ಕಳಿಸಿದೆ. ಮೂರನೇ ಪ್ರೂಫ್ ಬಂದಾಗ ನೋಡಿದರೆ, ಪೆನ್ನಿನಲ್ಲಿ ಬರೆದ ತಿದ್ದುಪಡಿ ಎಲ್ಲಾ ಆಗಿದೆ, ಸ್ಟ್ಯಾಂಪ್ ಹಾಕಿದ್ದು ಒಂದೂ ಆಗಿಲ್ಲ. ಪುಟ ಕಟ್ಟುವವರದ್ದು ಏನೂ ತಪ್ಪಿರಲಿಲ್ಲ. ಅವರ ತೆರೆಯ ಮೇಲೆ ಆ ಗುರುತುಗಳು ಮೂಡಿಯೇ ಇರಲಿಲ್ಲ.

ಪ್ರೂಫ್ ನೋಡುವವರಿಗೆ ಇದಕ್ಕಿಂತ ದೊಡ್ಡ ಸಂಕಟ ಇಲ್ಲ. ತಪ್ಪು ಕಣ್ಣಿಗೆ ಬಿದ್ದಿತ್ತು, ಗುರುತೂ ಹಾಕಿದ್ದಾಗಿತ್ತು, ಆದರೂ ಅದು ಅಚ್ಚಿಗೆ ಹೋಗುತ್ತದೆ. ಅವತ್ತಿನಿಂದ ಸ್ಟ್ಯಾಂಪ್ ಎಲ್ಲೆಲ್ಲಿ ಕೆಡುತ್ತದೆ ಅಂತ ಒಂದೊಂದಾಗಿ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳುತ್ತಾ ಬಂದೆ. ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಒಂದು ಸ್ಟ್ಯಾಂಪ್ ಐದು ಕಡೆ ದಾಟಿ ಹೋಗುತ್ತದೆ. ಚಿತ್ರ ಬರೆಯುವಲ್ಲಿ, ಅದನ್ನು ಆ್ಯಪ್‌ನೊಳಗೆ ತರುವಲ್ಲಿ, ಪುಟದ ಮೇಲೆ ಒತ್ತುವಲ್ಲಿ, ಫೈಲ್ ಉಳಿಸುವಲ್ಲಿ, ಕೊನೆಗೆ ಆ ಕಡೆಯವರು ತೆರೆಯುವಲ್ಲಿ. ದೋಷ ನಮಗೆ ಕಾಣಿಸುವುದು ಒಂದು ಕಡೆ, ಹುಟ್ಟುವುದು ಅದಕ್ಕಿಂತ ಹಿಂದೆ ಎಲ್ಲೋ. ಹಾಗಾಗಿ ಕಂಡ ಕಡೆಯೇ ರಿಪೇರಿಗೆ ಕೂರಬೇಡಿ. ಒಂದೊಂದು ಹೆಜ್ಜೆ ಹಿಂದಕ್ಕೆ ಹೋಗಿ, ಸ್ಟ್ಯಾಂಪ್ ಸರಿಯಾಗಿ ಕಾಣುವ ಜಾಗ ಸಿಗುವವರೆಗೆ ನೋಡಿ. ಸರಿ ಇದ್ದ ಜಾಗಕ್ಕೂ ಕೆಟ್ಟ ಜಾಗಕ್ಕೂ ನಡುವೆ ಏನು ನಡೆಯಿತೋ ಅದೇ ಕಾರಣ.

ಸ್ಟ್ಯಾಂಪ್ ಫೈಲಿನೊಳಗೆ ಹೇಗೆ ಕೂತಿರುತ್ತದೆ

ಪಿಡಿಎಫ್ ಅನ್ನು ಅಡೋಬಿ 1993ರಲ್ಲಿ ತಂದಿತು. 2008ರಲ್ಲಿ ಅದು ಐಎಸ್ಒ 32000 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಆ ಮಾನದಂಡದಲ್ಲಿ ಸ್ಟ್ಯಾಂಪ್ ಅಂದರೆ ಒಂದು ಟಿಪ್ಪಣಿ. ಪುಟದ ಅಕ್ಷರಗಳ ಜೊತೆ ಅದು ಬೆರೆತಿರುವುದಿಲ್ಲ. ಗಾಜಿನ ಮೇಲೆ ಅಂಟಿಸಿದ ಚೀಟಿಯ ಹಾಗೆ ಮೇಲೆ ಕೂತಿರುತ್ತದೆ. ಆ ಚೀಟಿಯಲ್ಲಿ ಮುಖ್ಯವಾಗಿ ನಾಲ್ಕು ಸಂಗತಿ ಇರುತ್ತವೆ: ಪುಟದಲ್ಲಿ ಎಲ್ಲಿ ಕೂರಬೇಕು ಎಂಬ ಚೌಕ, ಹೇಗೆ ಕಾಣಬೇಕು ಎಂಬ ಚಿತ್ರ, ಪ್ರಿಂಟ್ ಆಗಬೇಕೇ ಬೇಡವೇ ಎಂಬಂಥ ಕೆಲವು ಸೂಚನೆ, ಮತ್ತು ಬೇಕಿದ್ದರೆ ಒಂದು ಬರಹ. ಈ ನಾಲ್ಕರಲ್ಲಿ ಒಂದು ಎಡವಟ್ಟಾದರೂ ಸ್ಟ್ಯಾಂಪ್ ಕೆಡುತ್ತದೆ. ಮುಂದೆ ಬರುವ ದೋಷಗಳಲ್ಲಿ ಮುಕ್ಕಾಲು ಪಾಲು ಇವುಗಳ ಸುತ್ತಲೇ ಇವೆ.

ಮಾನದಂಡದಲ್ಲಿ ಮೊದಲೇ ಹೆಸರಿಟ್ಟ ಸ್ಟ್ಯಾಂಪ್‌ಗಳು 14 ಇವೆ. ‘ಅಪ್ರೂವ್ಡ್’, ‘ಡ್ರಾಫ್ಟ್’, ‘ಕಾನ್ಫಿಡೆನ್ಷಿಯಲ್’, ‘ಫೈನಲ್’ ಇಂಥವು. ಎಲ್ಲವೂ ಕಚೇರಿ ಕಡತಕ್ಕೆ ಹೇಳಿ ಮಾಡಿಸಿದವು. ಪ್ರೂಫ್ ತಿದ್ದುವ ಗುರುತು ಅದರಲ್ಲಿ ಇಲ್ಲ. ಅದಕ್ಕೇ ನಾವೇ ಮಾಡಿಕೊಳ್ಳಬೇಕು.

ಗುರುತುಗಳ ಆಕಾರಕ್ಕೆ ಐಎಸ್ಒ 5776 ಎಂಬ ಮಾನದಂಡ ಇದೆ. 1983ರಲ್ಲಿ ಬಂದು 2016ರಲ್ಲೂ 2022ರಲ್ಲೂ ಪರಿಷ್ಕರಣೆ ಆಯಿತು. ಬ್ರಿಟನ್ನಿನಲ್ಲಿ ಬಿಎಸ್ 5261 ಬಳಸುತ್ತಾರೆ. ಯಾವುದಾದರೂ ಸರಿ, ನೀವೂ ಪುಟ ಕಟ್ಟುವವರೂ ಒಂದೇ ಪಟ್ಟಿ ಇಟ್ಟುಕೊಂಡಿದ್ದರೆ ಸಾಕು. ಬ್ರಿಟಿಷ್ ಪದ್ಧತಿಯಲ್ಲಿ ಸಾಲಿನೊಳಗೆ ಒಂದು ಗುರುತು, ಅಂಚಿನಲ್ಲಿ ಒಂದು ಗುರುತು, ಹೀಗೆ ಎರಡು ಹಾಕುತ್ತಾರೆ. ನನ್ನ ಅನುಭವದಲ್ಲಿ ಸ್ಟ್ಯಾಂಪ್ ಹೊಂದುವುದು ಅಂಚಿನ ಗುರುತಿಗೆ ಮಾತ್ರ. ಸಾಲಿನೊಳಗೆ ಅಕ್ಷರ ಹೊಡೆದುಹಾಕಲು ಆ್ಯಪ್‌ನಲ್ಲಿರುವ ಹೊಡೆಗೆರೆಯೇ ಒಳ್ಳೆಯದು. ಅದು ಅಕ್ಷರಕ್ಕೆ ಸರಿಯಾಗಿ ಅಂಟಿಕೊಳ್ಳುತ್ತದೆ. ಬಿಟ್ಟುಹೋದದ್ದನ್ನು ಸೇರಿಸಲು ಹಂಸಪಾದವೂ ಎಷ್ಟೋ ಆ್ಯಪ್‌ಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಇವೆರಡಕ್ಕೆ ಸ್ಟ್ಯಾಂಪ್ ಮಾಡಲು ಹೋಗಿ ಸುಮ್ನೆ ತೊಂದರೆ ಹೆಚ್ಚಿಸಿಕೊಳ್ಳಬೇಡಿ.

ಮೊದಲು ಒಂದು ಪರೀಕ್ಷಾ ಫೈಲ್ ಮಾಡಿ

ನಿಜವಾದ ಪ್ರೂಫ್ ಮೇಲೆ ದೋಷ ಹುಡುಕಬಾರದು. ನಾಲ್ಕು ಪುಟದ ಒಂದು ಪಿಡಿಎಫ್ ಮಾಡಿಟ್ಟುಕೊಳ್ಳಿ. ಮೊದಲ ಪುಟದಲ್ಲಿ ಮಾಮೂಲಿ ಕಪ್ಪು ಅಕ್ಷರ. ಎರಡನೇ ಪುಟದಲ್ಲಿ ಒಂದು ಬೂದು ಪಟ್ಟಿ, ಒಂದು ಕಪ್ಪು ಪಟ್ಟಿ. ಮೂರನೆಯದು ತಿರುಗಿಸಿದ ಪುಟ. ನಾಲ್ಕನೆಯದು ಅಂಚು ಕತ್ತರಿಸಿದ ಪುಟ. ಹೊಸ ಸ್ಟ್ಯಾಂಪ್ ಯಾವುದೇ ಇರಲಿ, ಈ ನಾಲ್ಕರ ಮೇಲೂ ಒತ್ತಿ ನೋಡಿ. ಆಮೇಲೆ ಆ ಫೈಲನ್ನು ನಿಮಗೆ ನೀವೇ ಕಳಿಸಿಕೊಂಡು ಬೇರೆ ಆ್ಯಪ್‌ನಲ್ಲಿ, ಸಾಧ್ಯವಾದರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಐದು ನಿಮಿಷದ ಕೆಲಸ. ಮುಂದೆ ನಾನು ‘ಪರೀಕ್ಷಾ ಪುಟ’ ಅಂದಾಗಲೆಲ್ಲ ಇದನ್ನೇ ಹೇಳುತ್ತಿರುತ್ತೇನೆ.

ಸ್ಟ್ಯಾಂಪ್ ಸುತ್ತ ಬಿಳಿ ಚೌಕ, ಕೆಳಗಿನ ಅಕ್ಷರ ಮುಚ್ಚಿಹೋಗಿದೆ

ಎಲ್ಲರಿಗೂ ಮೊದಲು ಎದುರಾಗುವ ದೋಷ ಇದೇ. ಬಿಳಿ ಪುಟದ ಮೇಲೆ ಇದು ಗೊತ್ತೇ ಆಗುವುದಿಲ್ಲ, ಅಲ್ವಾ? ಸಾಲಿನ ಮೇಲೆ ಒತ್ತಿದಾಗಲೇ ಅಕ್ಷರ ಮಾಯವಾಗುವುದು. ಅದಕ್ಕೇ ಪರೀಕ್ಷಾ ಫೈಲಿನಲ್ಲಿ ಬೂದು ಪಟ್ಟಿ ಇಟ್ಟದ್ದು. ಅದರ ಮೇಲೆ ಒತ್ತಿ, ಏನು ಕಾಣುತ್ತದೆ ಅಂತ ಸರಿಯಾಗಿ ನೋಡಿ. ಯಾವ ಬಗೆಯ ಚೌಕ ಎಂಬುದರಲ್ಲೇ ಉತ್ತರ ಇದೆ.

ಅಚ್ಚ ಬಿಳಿ ಚೌಕ ಕಂಡರೆ ಚಿತ್ರದಲ್ಲಿ ಪಾರದರ್ಶಕತೆ ಇಲ್ಲ ಅಂತ ಅರ್ಥ. ಜೆಪೆಗ್ ಫೈಲಿಗೆ ಆ ಶಕ್ತಿಯೇ ಇಲ್ಲ. ಪಿಎನ್‌ಜಿಗೆ ಇದೆ. ಆದರೆ ಹೆಸರಿನ ಕೊನೆಗೆ ಪಿಎನ್‌ಜಿ ಅಂತ ಇದ್ದ ಮಾತ್ರಕ್ಕೆ ಹಿನ್ನೆಲೆ ಖಾಲಿ ಇದೆ ಅಂತ ಅಲ್ಲ. ಬಿಳಿ ಹಾಳೆಯ ಮೇಲೆ ಬರೆದು ಪಿಎನ್‌ಜಿ ಆಗಿ ಉಳಿಸಿದರೆ ಬಿಳಿಯೂ ಜೊತೆಗೇ ಬರುತ್ತದೆ. ಚಿತ್ರ ಬರೆಯುವ ಆ್ಯಪ್‌ನಲ್ಲಿ ಹಿನ್ನೆಲೆಯ ಪದರವನ್ನು ಮುಚ್ಚಿ, ಆಮೇಲೆ ರಫ್ತು ಮಾಡಬೇಕು.

ಬೂದು-ಬಿಳಿ ಚೌಕಳಿ ಕಂಡರೆ ಅದು ಎಲ್ಲಿಂದಲೋ ಇಳಿಸಿಕೊಂಡ ಚಿತ್ರ. ಪಾರದರ್ಶಕ ಅಂತ ತೋರಿಸಲು ಹಾಕುವ ಚೌಕಳಿಯೇ ಚಿತ್ರದೊಳಗೆ ಅಚ್ಚಾಗಿಬಿಟ್ಟಿದೆ. ಅದನ್ನು ಸರಿ ಮಾಡುತ್ತಾ ಕೂರುವ ಬದಲು ಗುರುತನ್ನು ಹೊಸದಾಗಿ ಬರೆದುಬಿಡಿ. ನಾಲ್ಕು ಗೆರೆಯ ಕೆಲಸ.

ಕಪ್ಪು ಚೌಕ ಕಂಡರೆ ಚಿತ್ರ ಸರಿ ಇದೆ, ಆದರೆ ಆ್ಯಪ್‌ನೊಳಗೆ ತರುವಾಗ ಪಾರದರ್ಶಕತೆ ಕಳೆದುಹೋಗಿದೆ. ಖಾಲಿ ಜಾಗಕ್ಕೆ ಕಪ್ಪು ತುಂಬಿಕೊಂಡಿದೆ. ಆಮದು ಮಾಡುವ ದಾರಿ ಬದಲಿಸಿ ನೋಡಿ. ಫೋಟೊ ಗ್ಯಾಲರಿಯಿಂದ ತಂದಿದ್ದರೆ, ಫೈಲ್ ಫೋಲ್ಡರಿನಿಂದ ತನ್ನಿ.

ಚೌಕ ಇಲ್ಲ, ಗೆರೆಯ ಸುತ್ತ ಮಾತ್ರ ತೆಳುವಾದ ಬಿಳಿ ಅಂಚು ಇದೆ ಅಂದರೆ, ಮೊದಲು ಬಿಳಿಯ ಮೇಲೆ ಬರೆದು ಆಮೇಲೆ ಬಿಳಿಯನ್ನು ಅಳಿಸಿದ ಚಿತ್ರ ಅದು. ಗೆರೆಯ ತುದಿಯಲ್ಲಿ ಕೆಂಪೂ ಬಿಳಿಯೂ ಬೆರೆತ ಚುಕ್ಕಿಗಳು ಉಳಿದಿರುತ್ತವೆ. ಜೆಪೆಗ್‌ನಿಂದ ಬಂದ ಚಿತ್ರವಾದರೆ ಇನ್ನೂ ಕೆಟ್ಟದಾಗಿರುತ್ತದೆ. ಜೆಪೆಗ್ ಚಿತ್ರವನ್ನು 8×8 ಚುಕ್ಕಿಗಳ ತುಂಡು ಮಾಡಿ ಕುಗ್ಗಿಸುತ್ತದೆ, ಆಗ ಗೆರೆಯ ಪಕ್ಕದಲ್ಲಿ ಕೊಳೆಯಂಥ ಕಲೆ ಉಳಿಯುತ್ತದೆ. ಇದಕ್ಕೂ ಮದ್ದು ಒಂದೇ: ಖಾಲಿ ಪದರದ ಮೇಲೆ ಹೊಸದಾಗಿ ಬರೆಯುವುದು.

ಈಗ ಮುಖ್ಯವಾದ ಒಂದು ಮಾತು. ಕಂಪ್ಯೂಟರಿನಲ್ಲಿ ಮಾಡಿದಾಗ ಪಾರದರ್ಶಕವಾಗಿದ್ದ ಚಿತ್ರ ಟ್ಯಾಬ್ಲೆಟ್‌ಗೆ ಬರುವಷ್ಟರಲ್ಲಿ ಬಿಳಿಯಾಗಿದ್ದರೆ, ಅದು ಬಂದ ದಾರಿ ನೋಡಿ. ಮೆಸೇಜ್ ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಸಾಮಾನ್ಯವಾಗಿ ಅದು ಜೆಪೆಗ್ ಆಗಿಬಿಡುತ್ತದೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಸ್ಟ್ಯಾಂಪ್ ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ತೆರೆಯ ಮೇಲೆ ಕಂಡ ಹಿನ್ನೆಲೆಯೆಲ್ಲ ಅದರಲ್ಲಿ ಗಟ್ಟಿಯಾಗಿ ಸೇರಿಕೊಂಡಿರುತ್ತದೆ.

ಕೆಲವರು ಬಿಳಿ ಚೌಕ ಹೋಗಲಿ ಅಂತ ಸ್ಟ್ಯಾಂಪಿನ ಗಾಢತೆಯನ್ನು ಅರ್ಧಕ್ಕೆ ಇಳಿಸುತ್ತಾರೆ. ಹಾಗೆ ಮಾಡಿದರೆ ಬಿಳಿ ಪೂರ್ತಿ ಹೋಗುವುದಿಲ್ಲ, ಕೆಂಪೂ ಮಂಕಾಗುತ್ತದೆ. ಕೆಳಗಿನ ಅಕ್ಷರವೂ ಓದಲಾಗುವುದಿಲ್ಲ, ಮೇಲಿನ ಗುರುತೂ ಕಾಣುವುದಿಲ್ಲ. ಪ್ರೂಫ್‌ಗೆ ಇದು ಬೇಡವೇ ಬೇಡ.

ಗುರುತು ಮಸುಕು, ಅಥವಾ ಗೆರೆ ಕೂದಲಿನಷ್ಟು ಸಣ್ಣ

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಪಿಡಿಎಫ್‌ನ ಅಳತೆ ಪಾಯಿಂಟ್. 72 ಪಾಯಿಂಟ್ ಸೇರಿದರೆ ಒಂದು ಇಂಚು. ಎ4 ಪುಟ ಅಂದರೆ ಸುಮಾರು 595 ಪಾಯಿಂಟ್ ಅಗಲ, 842 ಪಾಯಿಂಟ್ ಎತ್ತರ. ಅಂಚಿನಲ್ಲಿ ಕೂರುವ ಗುರುತು 8 ಮಿಲಿಮೀಟರ್ ಇದ್ದರೆ ಸಾಕು, ಅದು ಸುಮಾರು 23 ಪಾಯಿಂಟ್. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಪ್ರಿಂಟ್ ಮಾಡಲು 94 ಪಿಕ್ಸೆಲ್ ಸಾಕಾಗುತ್ತದೆ. ಆದರೆ ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡುವವರಿಗೆ ಅದು ಒಡೆದ ಹಾಗೆ ಕಾಣುತ್ತದೆ. ನಾನು 400×400 ಪಿಕ್ಸೆಲ್‌ನಲ್ಲಿ ಮಾಡುತ್ತೇನೆ. ನಾಲ್ಕು ಪಟ್ಟು ಹಿಗ್ಗಿಸಿದರೂ ತಡೆಯುತ್ತದೆ.

ಮಸುಕಿಗಿಂತ ಜಾಸ್ತಿ ಕಾಡುವುದು ಸಣ್ಣ ಗೆರೆ. 400 ಪಿಕ್ಸೆಲ್ ಚಿತ್ರ 23 ಪಾಯಿಂಟಿಗೆ ಇಳಿದಾಗ ಸುಮಾರು 17 ಪಿಕ್ಸೆಲ್ ಸೇರಿ ಒಂದು ಪಾಯಿಂಟ್ ಆಗುತ್ತದೆ. ಬರೆಯುವಾಗ 3 ಪಿಕ್ಸೆಲ್ ಗೆರೆ ದೊಡ್ಡ ತೆರೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಪುಟದ ಮೇಲೆ ಅದು ಒಂದು ಪಾಯಿಂಟಿನ ಆರನೇ ಒಂದು ಭಾಗ. ತೆರೆಯ ಮೇಲೆ ತೆಳು ಗುಲಾಬಿ ಆಗುತ್ತದೆ, ಕಪ್ಪು-ಬಿಳುಪು ಪ್ರಿಂಟಿನಲ್ಲಿ ಕಾಣದೇ ಹೋಗುತ್ತದೆ. ಗೆರೆ 24 ಪಿಕ್ಸೆಲ್ ಇಡಿ. ಬರೆಯುವಾಗ ದಪ್ಪ, ಒರಟು ಅನ್ನಿಸುತ್ತದೆ. ಪುಟದ ಮೇಲೆ ಕೂತಾಗ ಸರಿಯಾಗಿರುತ್ತದೆ.

ನಿಮ್ಮ ಆ್ಯಪ್ ಪಿಡಿಎಫ್ ಅನ್ನೇ ಸ್ಟ್ಯಾಂಪ್ ಆಗಿ ಒಪ್ಪಿಕೊಳ್ಳುವುದಾದರೆ ಈ ಲೆಕ್ಕವೇ ಬೇಡ. ಪಿಕ್ಸೆಲ್ ಬದಲು ಗೆರೆಯಾಗಿಯೇ ಉಳಿಯುವ ರೇಖಾಚಿತ್ರವಾಗಿ (ವೆಕ್ಟರ್) ಬರೆದು ಪಿಡಿಎಫ್ ಆಗಿ ಉಳಿಸಿ. ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ. ಆದರೆ ಪುಟದ ಅಳತೆಯನ್ನು ಗುರುತಿನಷ್ಟಕ್ಕೇ ಕತ್ತರಿಸಿರಬೇಕು. ಎ4 ಹಾಳೆಯ ಮಧ್ಯದಲ್ಲಿ ಸಣ್ಣ ಗುರುತು ಬರೆದು ಆಮದು ಮಾಡಿದರೆ ಇಡೀ ಹಾಳೆಯೇ ಸ್ಟ್ಯಾಂಪ್ ಆಗಿ ಬರುತ್ತದೆ.

ಕನ್ನಡ ಅಕ್ಷರ ಒಡೆದಿದೆ

‘ಇದ್ದಂತೆ ಇರಲಿ’ ಅಂತ ಆ್ಯಪ್‌ನ ಬರಹ ಸ್ಟ್ಯಾಂಪಿನಲ್ಲಿ ಟೈಪ್ ಮಾಡಿದರೆ ‘ದ್’ ಬೇರೆ, ‘ದ’ ಬೇರೆ ಆಗಿ ಬರುವುದುಂಟು. ಟೈಪ್ ಮಾಡುವಾಗ ಸರಿ ಇದ್ದು, ಉಳಿಸಿದ ಮೇಲೆ ಕೆಡುವುದೂ ಉಂಟು. ಕನ್ನಡದಲ್ಲಿ ಒತ್ತು, ಅರ್ಕಾವೊತ್ತು, ಸ್ವರಚಿಹ್ನೆ ಎಲ್ಲ ಜೋಡಿಸಿ ಕೂರಿಸುವ ಕೆಲಸ ಬೇರೆಯೇ ಇರುತ್ತದೆ. ತೆರೆಗೆ ಬರೆಯುವಾಗ ಟ್ಯಾಬ್ಲೆಟ್ ಅದನ್ನು ಮಾಡುತ್ತದೆ. ಪಿಡಿಎಫ್‌ಗೆ ಬರೆಯುವಾಗ ಆ್ಯಪ್ ಅದನ್ನು ಮಾಡದೇ ಒಂದೊಂದೇ ಅಕ್ಷರವನ್ನು ಸಾಲಾಗಿ ಇಟ್ಟುಬಿಟ್ಟರೆ ಹೀಗಾಗುತ್ತದೆ. ಬರೀ ಚೌಕಗಳು ಬಂದರೆ ಕಾರಣ ಇನ್ನೂ ಸರಳ: ಕನ್ನಡ ಫಾಂಟ್ ಫೈಲಿನೊಳಗೆ ಸೇರಿಲ್ಲ.

‘ಅರ್ಥ’, ‘ಸ್ತ್ರೀ’, ‘ಲಕ್ಷ್ಯ’ ಈ ಮೂರು ಪದ ಟೈಪ್ ಮಾಡಿ, ಫೈಲ್ ಉಳಿಸಿ, ಬೇರೆ ಆ್ಯಪ್‌ನಲ್ಲಿ ತೆರೆಯಿರಿ. ಮೂರೂ ಸರಿ ಬಂದರೆ ಆ ಆ್ಯಪ್‌ನ ಬರಹ ಸ್ಟ್ಯಾಂಪನ್ನು ನಂಬಬಹುದು. ಒಂದು ಕೆಟ್ಟರೂ ಬರಹ ಬಿಟ್ಟು ಚಿತ್ರಕ್ಕೆ ಹೋಗಿ. ಕಂಪ್ಯೂಟರಿನಲ್ಲಿ ಬರೆದು ಅಕ್ಷರವನ್ನು ಆಕೃತಿಯಾಗಿ ಬದಲಿಸಿ. ಚಿತ್ರ ಬರೆಯುವ ಪ್ರೋಗ್ರಾಮುಗಳಲ್ಲಿ ಇದಕ್ಕೆ ಆಯ್ಕೆ ಇದೆ: ಇಂಕ್‌ಸ್ಕೇಪ್‌ನಲ್ಲಿ ಇದಕ್ಕೆ ‘ಆಬ್ಜೆಕ್ಟ್ ಟು ಪಾತ್’ ಅನ್ನುತ್ತಾರೆ, ಇಲ್ಲಸ್ಟ್ರೇಟರ್‌ನಲ್ಲಿ ‘ಕ್ರಿಯೇಟ್ ಔಟ್‌ಲೈನ್ಸ್’. ಆಮೇಲೆ ಅದು ಬರೀ ಗೆರೆ. ಯಾವ ಫಾಂಟೂ ಬೇಕಿಲ್ಲ, ಎಲ್ಲಿ ತೆರೆದರೂ ಒಂದೇ ರೀತಿ ಇರುತ್ತದೆ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆಯುವವರಿಗಂತೂ ಇದೊಂದೇ ದಾರಿ. ಆ ಫಾಂಟ್ ಇಲ್ಲದ ಕಡೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಒತ್ತಿದ್ದು ಒಂದು ಕಡೆ, ಬಿದ್ದದ್ದು ಇನ್ನೊಂದು ಕಡೆ

ಒಂದೇ ಪುಟದ ಮೂರು ಮೂಲೆಗಳಲ್ಲಿ ಒತ್ತಿ ನೋಡಿ. ಮೂರೂ ಒಂದೇ ದಿಕ್ಕಿಗೆ, ಒಂದೇ ದೂರ ಸರಿದಿದ್ದರೆ ಎರಡು ಕಾರಣ ಇರಬಹುದು. ಚಿತ್ರದ ಒಂದು ಪಕ್ಕ ಖಾಲಿ ಜಾಗ ಜಾಸ್ತಿ ಇದೆ, ಇಲ್ಲವೇ ಪುಟದ ಅಂಚು ಕತ್ತರಿಸಿದೆ. ಯಾವುದು ಅಂತ ತಿಳಿಯಲು ಅದೇ ಸ್ಟ್ಯಾಂಪನ್ನು ಪರೀಕ್ಷಾ ಫೈಲಿನ ಮೊದಲ ಪುಟದ ಮೇಲೆ ಒತ್ತಿ. ಅಲ್ಲೂ ಸರಿದರೆ ತಪ್ಪು ಚಿತ್ರದ್ದು. ಗುರುತಿನ ಅಂಚಿಗೆ ತಾಗುವ ಹಾಗೆ ಕತ್ತರಿಸಿ ಮತ್ತೆ ಆಮದು ಮಾಡಿ. ಖಾಲಿ ಜಾಗ ಕತ್ತರಿಸುವುದರಿಂದ ಇನ್ನೊಂದು ಲಾಭವೂ ಇದೆ: ಅಕ್ಕಪಕ್ಕದ ಎರಡು ಸ್ಟ್ಯಾಂಪ್‌ಗಳ ಚೌಕ ಒಂದರ ಮೇಲೊಂದು ಹತ್ತುವುದಿಲ್ಲ. ಒಂದನ್ನು ಮುಟ್ಟಲು ಹೋದರೆ ಇನ್ನೊಂದು ಹಿಡಿದುಕೊಳ್ಳುವ ಕಿರಿಕಿರಿ ತಪ್ಪುತ್ತದೆ.

ಮೊದಲ ಪುಟದಲ್ಲಿ ಸರಿ ಬಿದ್ದು, ಪ್ರೂಫ್ ಪುಟದಲ್ಲಿ ಮಾತ್ರ ಸರಿದರೆ ತಪ್ಪು ಪುಟದ್ದು. ಪಿಡಿಎಫ್‌ನಲ್ಲಿ ಅಂಚು ಕತ್ತರಿಸುವುದು ಅಂದರೆ ಅಂಚನ್ನು ಮರೆ ಮಾಡುವುದು ಅಷ್ಟೇ. ಅದು ಒಳಗೆ ಹಾಗೇ ಇರುತ್ತದೆ. ಕೆಲವು ಆ್ಯಪ್‌ಗಳು ಕಾಣುವ ಮೂಲೆಯಿಂದ ಅಳೆಯುವ ಬದಲು ಮರೆಯಾದ ಮೂಲೆಯಿಂದ ಅಳೆದುಬಿಡುತ್ತವೆ. ಇದಕ್ಕೆ ಟ್ಯಾಬ್ಲೆಟ್‌ನಲ್ಲಿ ನೇರ ಮದ್ದಿಲ್ಲ. ಕತ್ತರಿಸದ ಫೈಲ್ ಕಳಿಸಿ ಅಂತ ಪುಟ ಕಟ್ಟುವವರನ್ನು ಕೇಳಿ, ಅಥವಾ ಬೇರೆ ಆ್ಯಪ್ ಬಳಸಿ.

ಸ್ಟ್ಯಾಂಪ್ ಅಡ್ಡ ಮಲಗಿದ್ದರೆ ಪುಟ ತಿರುಗಿಸಿದ್ದು ಅಂತ ತಿಳಿಯಿರಿ. ಪಿಡಿಎಫ್ ಪುಟಕ್ಕೆ 90, 180, 270 ಡಿಗ್ರಿ ತಿರುಗಿಸಿ ತೋರಿಸು ಎಂಬ ಸೂಚನೆ ಇರಬಹುದು. ಅಕ್ಷರ ನೆಟ್ಟಗೆ ಕಾಣುತ್ತದೆ, ಆದರೆ ಒಳಗೆ ಪುಟ ಅಡ್ಡವಾಗಿಯೇ ಇರುತ್ತದೆ. ಅಗಲವಾದ ಕೋಷ್ಟಕ ಇರುವ ಪುಟ, ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಇದು ಮಾಮೂಲು. ಸ್ಟ್ಯಾಂಪನ್ನು ತಿರುಗಿಸುವ ಹಿಡಿ ಇದ್ದರೆ ತಿರುಗಿಸಿ ಮುಂದೆ ಹೋಗಿ.

ನನ್ನ ತೆರೆಯ ಮೇಲಿದೆ, ಅವರ ತೆರೆಯ ಮೇಲಿಲ್ಲ

ನನಗೆ ಬಿದ್ದ ಪೆಟ್ಟು ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ‘ಕಳಿಸಿದ ಫೈಲ್’ ತೆರೆಯಿರಿ. ಆ್ಯಪ್‌ನ ಪಟ್ಟಿಯಲ್ಲಿರುವ ಫೈಲ್ ಬೇಡ. ಮೇಲ್‌ನಲ್ಲಿ ಕಳಿಸಿದ್ದರೆ ಅಲ್ಲಿಂದಲೇ ಮತ್ತೆ ಇಳಿಸಿಕೊಂಡು, ಬೇರೆ ಆ್ಯಪ್‌ನಲ್ಲಿ ತೆರೆಯಿರಿ. ಈ ಒಂದು ಪರೀಕ್ಷೆ ಅರ್ಧ ದಾರಿ ತೋರಿಸುತ್ತದೆ.

ಅಲ್ಲಿ ಸ್ಟ್ಯಾಂಪ್ ಇಲ್ಲ ಅಂದರೆ ಅದು ಫೈಲಿನೊಳಗೆ ಹೋಗಿಯೇ ಇಲ್ಲ. ಕೆಲವು ಆ್ಯಪ್‌ಗಳು ನಾವು ಹಾಕಿದ ಗುರುತುಗಳನ್ನು ತಮ್ಮದೇ ಬೇರೆ ಕಡತದಲ್ಲಿ ಇಟ್ಟುಕೊಂಡು, ಪುಟದ ಮೇಲೆ ಇದ್ದ ಹಾಗೆ ತೋರಿಸುತ್ತವೆ. ರಫ್ತು ಮಾಡಿದಾಗ ಮಾತ್ರ ಪಿಡಿಎಫ್‌ಗೆ ಬರೆಯುತ್ತವೆ. ಮೂಲ ಫೈಲನ್ನೇ ಹಂಚಿಕೊಂಡರೆ ಖಾಲಿ ಪುಟ ಹೋಗುತ್ತದೆ. ನನ್ನ ವಿಷಯದಲ್ಲಿ ಆದದ್ದು ಇನ್ನೂ ಸೂಕ್ಷ್ಮ. ಆಗ ಬಳಸುತ್ತಿದ್ದ ಆ್ಯಪ್ ಪೆನ್ನಿನ ಗೆರೆಯನ್ನು ಫೈಲಿಗೆ ಬರೆದಿತ್ತು, ಸ್ಟ್ಯಾಂಪ್ ಚಿತ್ರವನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡಿತ್ತು. ಅರ್ಧ ಗುರುತು ಹೋಗಿದ್ದರಿಂದಲೇ ಯಾರಿಗೂ ಅನುಮಾನ ಬರಲಿಲ್ಲ. ಪೂರ್ತಿ ಖಾಲಿ ಹೋಗಿದ್ದರೆ ಅವರು ಫೋನ್ ಮಾಡಿ ಕೇಳುತ್ತಿದ್ದರು.

ಅಲ್ಲಿ ಸ್ಟ್ಯಾಂಪ್ ಇದೆ, ಅವರಿಗೆ ಮಾತ್ರ ಕಾಣುವುದಿಲ್ಲ ಅಂದರೆ ತೊಂದರೆ ಅವರು ತೆರೆಯುವ ಕಡೆ ಇದೆ. ಮೇಲ್‌ನ ಮುನ್ನೋಟದಲ್ಲೇ ನೋಡುತ್ತಿರಬಹುದು, ಅಥವಾ ಟಿಪ್ಪಣಿ ತೋರಿಸುವುದನ್ನು ಆಫ್ ಮಾಡಿಟ್ಟಿರಬಹುದು. ಫೈಲನ್ನು ಇಳಿಸಿಕೊಂಡು, ಟಿಪ್ಪಣಿಗಳ ಪಟ್ಟಿ ತೋರಿಸುವ ಪ್ರೋಗ್ರಾಮಿನಲ್ಲಿ ತೆರೆಯಲು ಹೇಳಿ. ಪಟ್ಟಿಯಲ್ಲಿ ಎಷ್ಟು ಟಿಪ್ಪಣಿ ಇವೆ ಅಂತ ಕೇಳಿ. ನಿಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ತಾಳೆ ಆಗಬೇಕು. ಈಗ ನಾನು ಪ್ರತಿ ಪ್ರೂಫ್ ಜೊತೆ ‘ಒಟ್ಟು ಗುರುತು ಇಷ್ಟು’ ಅಂತ ಒಂದು ಸಾಲು ಬರೆದೇ ಕಳಿಸುವುದು.

ನಿಮ್ಮ ಗುರುತಿನ ಜಾಗದಲ್ಲಿ ಖಾಲಿ ಚೌಕವೋ ‘ಡ್ರಾಫ್ಟ್’ ಎಂಬ ಮುದ್ರೆಯೋ ಕಂಡರೆ, ಆ್ಯಪ್ ಚೀಟಿಯನ್ನು ಬರೆದಿದೆ ಆದರೆ ಅದರೊಳಗೆ ಚಿತ್ರ ಇಟ್ಟಿಲ್ಲ. ಸ್ಟ್ಯಾಂಪಿಗೆ ಹೆಸರು ಕೊಡದೇ ಇದ್ದರೆ ‘ಡ್ರಾಫ್ಟ್’ ಅಂತ ತಿಳಿಯಬೇಕು ಎಂಬುದು ಮಾನದಂಡದ ನಿಯಮ. ಇದು ಆ್ಯಪ್‌ನ ದೋಷ. ಅಪ್‌ಡೇಟ್ ಮಾಡಿ ನೋಡಿ, ಹೋಗದಿದ್ದರೆ ಆ್ಯಪ್ ಬದಲಿಸಿ.

ಸಮಯ ಇಲ್ಲ, ಇವತ್ತೇ ಕಳಿಸಬೇಕು ಅನ್ನುವವರಿಗೆ ಒಂದು ಉಪಾಯ ಇದೆ. ‘ಫ್ಲ್ಯಾಟನ್’ ಮಾಡಿ ರಫ್ತು ಮಾಡುವುದು. ಆಗ ಚೀಟಿ ಕರಗಿ ಪುಟದ ಜೊತೆ ಒಂದಾಗುತ್ತದೆ, ಎಲ್ಲರಿಗೂ ಕಾಣುತ್ತದೆ. ಆದರೆ ಆಮೇಲೆ ಟಿಪ್ಪಣಿಗಳ ಪಟ್ಟಿ ಇರುವುದಿಲ್ಲ. ಒಂದೊಂದೇ ತಿದ್ದಿ ಮುಗಿದದ್ದಕ್ಕೆ ಟಿಕ್ ಹಾಕುತ್ತಾ ಹೋಗಲು ಪುಟ ಕಟ್ಟುವವರಿಗೆ ಆಗುವುದಿಲ್ಲ. ನೀವೂ ಗುರುತನ್ನು ಅಳಿಸಲಾರಿರಿ. ಅದಕ್ಕೆ ಎರಡೂ ಫೈಲ್ ಕಳಿಸುವುದು ಒಳ್ಳೆಯದು, ಯಾವುದು ಯಾವುದು ಅಂತ ಫೈಲ್ ಹೆಸರಿನಲ್ಲೇ ಗೊತ್ತಾಗಬೇಕು. ಫ್ಲ್ಯಾಟನ್ ಮಾಡುವುದು ಯಾವಾಗಲೂ ನಕಲಿನ ಮೇಲೆ. ಮೂಲದ ಮೇಲೆ ಮಾಡಿದರೆ ಹಿಂದಕ್ಕೆ ಬರುವ ದಾರಿ ಇಲ್ಲ.

ಈ ಇಡೀ ಬರಹದಲ್ಲಿ ನಾನು ಒಂದೇ ಒಂದು ಅಭ್ಯಾಸಕ್ಕೆ ಒತ್ತಾಯ ಮಾಡುವುದಾದರೆ ಇದಕ್ಕೆ: ಚೀಟಿಯಲ್ಲಿ ಬರಹಕ್ಕೆ ಜಾಗ ಇದೆ ಅಂತ ಮೊದಲೇ ಹೇಳಿದೆನಲ್ಲ, ಅದನ್ನು ಖಾಲಿ ಬಿಡಬೇಡಿ. ಹೆಚ್ಚಿನ ಆ್ಯಪ್‌ಗಳಲ್ಲಿ ಸ್ಟ್ಯಾಂಪನ್ನು ಒತ್ತಿ ಹಿಡಿದರೆ ಟಿಪ್ಪಣಿ ಬರೆಯಲು ಜಾಗ ಸಿಗುತ್ತದೆ. ‘ಈ ಎರಡು ಪದ ಅದಲುಬದಲು’ ಅಂತ ಬರೆಯಿರಿ. ಚಿತ್ರ ಮೂಡದೇ ಹೋದರೂ ಈ ಬರಹ ಪಟ್ಟಿಯಲ್ಲಿ ಕಾಣುತ್ತದೆ. ಪ್ರತಿ ಗುರುತಿಗೂ ಬರೆಯುವುದು ಬೇಸರ ಅನ್ನಿಸಿದರೆ, ಅರ್ಥ ಬದಲಾಗಿಬಿಡುವ ತಿದ್ದುಪಡಿಗಳಿಗಾದರೂ ಬರೆಯಿರಿ.

ತೆರೆಯ ಮೇಲಿದೆ, ಪ್ರಿಂಟಿನಲ್ಲಿ ಇಲ್ಲ

ಪ್ರತಿ ಟಿಪ್ಪಣಿಗೂ ‘ಪ್ರಿಂಟ್ ಆಗು’ ಎಂಬ ಒಂದು ಸೂಚನೆ ಇರುತ್ತದೆ. ಅದು ಇಲ್ಲದಿದ್ದರೆ ತೆರೆಯ ಮೇಲೆ ಮಾತ್ರ ಕಾಣುತ್ತದೆ. ಅದಕ್ಕೂ ಮೊದಲು ಪ್ರಿಂಟ್ ಪೆಟ್ಟಿಗೆ ನೋಡಿ. ಕಂಪ್ಯೂಟರಿನ ಅಕ್ರೊಬ್ಯಾಟ್‌ನಲ್ಲಿ ಪುಟ ಮಾತ್ರ, ಪುಟ ಮತ್ತು ಮಾರ್ಕಪ್, ಪುಟ ಮತ್ತು ಸ್ಟ್ಯಾಂಪ್ ಅಂತ ಬೇರೆ ಬೇರೆ ಆಯ್ಕೆ ಇವೆ. ‘ಪುಟ ಮಾತ್ರ’ ಅಂತ ಇದ್ದರೆ ಯಾವ ಗುರುತೂ ಬರುವುದಿಲ್ಲ. ‘ಪುಟ ಮತ್ತು ಸ್ಟ್ಯಾಂಪ್’ ಅಂತ ಇದ್ದರೆ ಸ್ಟ್ಯಾಂಪ್ ಬಂದು ಪೆನ್ನಿನ ಗೆರೆ ಬಿಟ್ಟುಹೋಗುತ್ತದೆ. ಎಲ್ಲ ಗುರುತೂ ಬರುವ ‘ಪುಟ ಮತ್ತು ಮಾರ್ಕಪ್’ ಆಯ್ಕೆ ಮಾಡಿ. ಆಗಲೂ ಬರದಿದ್ದರೆ ಫ್ಲ್ಯಾಟನ್ ಮಾಡಿದ ನಕಲನ್ನು ಪ್ರಿಂಟ್ ಮಾಡಿ.

ಬಣ್ಣದ ಬಗ್ಗೆ ಒಂದು ಮಾತು. ಪುಟ ಕಟ್ಟುವಾಗ ಆದ ತಪ್ಪಿಗೆ ಕೆಂಪು, ನಾವೇ ಮನಸ್ಸು ಬದಲಿಸಿ ಮಾಡುವ ತಿದ್ದುಪಡಿಗೆ ನೀಲಿ ಹಾಕುವ ಹಳೆಯ ಪದ್ಧತಿ ಇದೆ. ಕೆಲಸದ ಲೆಕ್ಕ ಹಾಕುವಾಗ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಕಪ್ಪು-ಬಿಳುಪು ಪ್ರಿಂಟಿನಲ್ಲಿ ಎರಡೂ ಬೂದು. ಬಣ್ಣ ಒಂದನ್ನೇ ನಂಬಿ ಎರಡು ಸ್ಟ್ಯಾಂಪ್ ಮಾಡಬೇಡಿ, ಆಕಾರದಲ್ಲೂ ವ್ಯತ್ಯಾಸ ಇರಲಿ.

ಫೈಲ್ ಊದಿಕೊಂಡಿದೆ

4 ಎಂಬಿ ಇದ್ದ ಪ್ರೂಫ್ 60 ಎಂಬಿ ದಾಟಿ, ಮೇಲ್‌ನಲ್ಲಿ ಹೋಗುತ್ತಿಲ್ಲವೇ? ಒಂದೇ ಸ್ಟ್ಯಾಂಪನ್ನು 200 ಸಲ ಒತ್ತಿದರೆ ಚಿತ್ರ ಒಂದೇ ಸಲ ಸೇರಿ, ಉಳಿದ ಕಡೆ ಅದನ್ನೇ ತೋರಿಸಿದರೆ ಸಾಕು. ಪಿಡಿಎಫ್‌ನಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಎಲ್ಲ ಆ್ಯಪ್‌ಗಳೂ ಹಾಗೆ ಮಾಡುವುದಿಲ್ಲ. ಪ್ರತಿ ಸಲ ಹೊಸ ನಕಲು ತುಂಬಿದರೆ 300 ಕೆಬಿಯ ಚಿತ್ರ 200 ಸಲಕ್ಕೆ 60 ಎಂಬಿ. ಪರೀಕ್ಷಾ ಪುಟದ ಮೇಲೆ ಒಂದು ಸಲ ಒತ್ತಿ ಫೈಲಿನ ಗಾತ್ರ ಎಷ್ಟು ಏರಿತು ನೋಡಿ, ಆಮೇಲೆ ಇನ್ನೂ ಹತ್ತು ಸಲ ಒತ್ತಿ ನೋಡಿ. ಮೊದಲ ಏರಿಕೆಯ ಸುಮಾರು ಹತ್ತು ಪಟ್ಟು ಮತ್ತೆ ಏರಿದರೆ ನಕಲು ತುಂಬುತ್ತಿದೆ ಅಂತ ಅರ್ಥ. ಆ್ಯಪ್‌ನ ಸ್ವಭಾವ ಬದಲಿಸಲು ನಮ್ಮಿಂದ ಆಗದು, ಚಿತ್ರವನ್ನು ಚಿಕ್ಕದು ಮಾಡಬಹುದು. ಒಂದೇ ಬಣ್ಣದ, 400 ಪಿಕ್ಸೆಲ್‌ನ ಪಿಎನ್‌ಜಿ ಕೆಲವೇ ಕೆಬಿಗೆ ಇಳಿಯುತ್ತದೆ.

ಸ್ಟ್ಯಾಂಪ್ ಹಾಕಲು ಬಿಡುತ್ತಲೇ ಇಲ್ಲ

ಬೇರೆ ಫೈಲಿನ ಮೇಲೆ ಹಾಕಿ ನೋಡಿ. ಅಲ್ಲಿ ಬಂದರೆ ಈ ಫೈಲಿಗೆ ಬೀಗ ಇದೆ. ಪಿಡಿಎಫ್‌ನಲ್ಲಿ ಓದಲು ಬಿಟ್ಟು ಟಿಪ್ಪಣಿ ಹಾಕಲು ಬಿಡದ ಹಾಗೆ ನಿರ್ಬಂಧ ಹಾಕಬಹುದು. ಡಿಜಿಟಲ್ ಸಹಿ ಮಾಡಿದ ಫೈಲಿನಲ್ಲೂ ಹೀಗಾಗಬಹುದು. ಬೀಗ ಮುರಿಯುವ ದಾರಿ ಹುಡುಕಬೇಡಿ, ಕಳಿಸಿದವರನ್ನು ಕೇಳಿ. ಎಷ್ಟೋ ಸಲ ಕಾರಣ ಇದಕ್ಕಿಂತ ಸಣ್ಣದು: ಫೈಲನ್ನು ಮೇಲ್‌ನ ಮುನ್ನೋಟದಲ್ಲೇ ತೆರೆದಿರುತ್ತೇವೆ. ಟ್ಯಾಬ್ಲೆಟ್‌ಗೆ ಉಳಿಸಿಕೊಂಡು ಅಲ್ಲಿಂದ ತೆರೆಯಿರಿ.

ಸ್ಟ್ಯಾಂಪ್ ಪಟ್ಟಿಯೇ ಖಾಲಿ

ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡರೆ, ಅದು ಟ್ಯಾಬ್ಲೆಟ್‌ನೊಳಗೇ ಇಟ್ಟುಕೊಂಡಿದ್ದ ಸ್ಟ್ಯಾಂಪ್‌ಗಳೂ ಜೊತೆಗೇ ಹೋಗುತ್ತವೆ. ಹೊಸ ಟ್ಯಾಬ್ಲೆಟ್‌ಗೆ ಪ್ರೂಫ್ ಫೈಲ್‌ಗಳು ಬರುತ್ತವೆ, ಸ್ಟ್ಯಾಂಪ್ ಪಟ್ಟಿ ಬಾರದೇ ಇರಬಹುದು. ಹೋದದ್ದನ್ನು ವಾಪಸ್ ತರಲು ಆಗುವುದಿಲ್ಲ. ಹಾಗಾಗಿ ಚಿತ್ರಗಳ ಮೂಲ ಫೈಲ್‌ಗಳನ್ನು ಆ್ಯಪ್‌ನ ಹೊರಗೆ ಒಂದು ಫೋಲ್ಡರಿನಲ್ಲಿ ಇಡಿ. ಗುರುತಿನ ಹೆಸರು, ಬಣ್ಣ, ಮಾಡಿದ ವರ್ಷ ಫೈಲ್ ಹೆಸರಿನಲ್ಲೇ ಇರಲಿ. ಬರೆದ ರೇಖಾಚಿತ್ರವೂ ಇರಲಿ, ರಫ್ತು ಮಾಡಿದ ಪಿಎನ್‌ಜಿಯೂ ಇರಲಿ.

ಇನ್ನೊಂದು ಗೊಂದಲ ಹಲವರಿಗೆ ಇದೆ. ಸ್ಟ್ಯಾಂಪಿನ ಚಿತ್ರ ತಿದ್ದಿ ಮತ್ತೆ ಆಮದು ಮಾಡಿದರೆ, ಹಿಂದೆ ಒತ್ತಿದ ಗುರುತುಗಳು ಬದಲಾಗುವುದಿಲ್ಲ. ಪ್ರತಿ ಫೈಲೂ ಒತ್ತಿದ ದಿನದ ಚಿತ್ರವನ್ನೇ ಹೊತ್ತುಕೊಂಡಿರುತ್ತದೆ. ಬಿಳಿ ಚೌಕ ಇದ್ದ ಸ್ಟ್ಯಾಂಪನ್ನು ಅರ್ಧ ಪುಸ್ತಕದವರೆಗೆ ಒತ್ತಿ ಆಮೇಲೆ ಸರಿಪಡಿಸಿದ್ದರೆ, ಆ ಅರ್ಧ ಪುಸ್ತಕಕ್ಕೆ ಹಿಂದಿರುಗಿ ಹಳೆಯದನ್ನು ಅಳಿಸಿ ಹೊಸದನ್ನು ಒತ್ತಬೇಕು. ಟಿಪ್ಪಣಿಗಳ ಪಟ್ಟಿ ತೆರೆದಿಟ್ಟುಕೊಂಡು ಪುಟದ ಕ್ರಮದಲ್ಲಿ ಹೋದರೆ ಒಂದೂ ತಪ್ಪುವುದಿಲ್ಲ.